ಬೇಸಗೆಯ ಕೆರೆಯಂಗಳ

ಹಕ್ಕಿಗಳನ್ನು ನೋಡಬೇಕಾದರೆ ಚಳಿಗಾಲದಲ್ಲಿಯೇ ಹೊರಡಬೇಕೆಂಬ ಭಾವನೆ ನಮ್ಮ ಪಟ್ಟಣವಾಸಿಗಳಲ್ಲಿ ಬಲವಾಗಿ ನೆಲೆಗೊಂಡಿರುವುದು. ಇದು ನಿರಾಧಾರವಾದ ಮಾತೇನೂ ಅಲ್ಲ. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ನಮ್ಮ ಕೆರೆಗಳು ತುಂಬಿರುವುವು, ಹಿಮಾಲಯದ ಆಚೆಯಿಂದ ಬಂದ ಬಾತುಗಳು ನೀರಿನ ಮೇಲೆ ಹಿಂಡು ಹಿಂಡಾಗಿ ತೇಲುತ್ತಿರುವುವು, ಬಿಸಿಲು ಹಿತವಾಗಿರುವುದು. ಯುಗಾದಿ ಕಳೆಯಿತೆಂದರೆ ಈ ವೈಭವವೆಲ್ಲ ಮುಗಿಯುವುದು. ನೀರು ಕೆರೆಯ ನಡುವಿಗೆ ಸರಿದು, ಸುತ್ತಲೂ ಬಿರುಕುಬಿಟ್ಟ ಕೆಸರು ಮಾತ್ರ ಉಳಿಯುವುದು. ಬಸ್ಸಿನ ಕಿಟಕಿಯಿಂದ ಇದನ್ನು ಕಂಡವರು “ಕೆರೆ ಸತ್ತಿತು” ಎಂದು ಮರುಗಿ ಮುಂದಕ್ಕೆ ಹೋಗುವರು.

ನಾವು ಈ ದಿನ ಶ್ರೋತೃಗಳ ಮುಂದೆ ಇಡಬೇಕೆಂದಿರುವ ವಿಚಾರ ಇದಕ್ಕೆ ಬೇರೆಯಾದುದು. ತುಂಬಿದ ಕೆರೆಯು ದೂರದಿಂದ ಬಂದ ಅತಿಥಿಗಳ ಛತ್ರ. ಬತ್ತುತ್ತಿರುವ ಕೆರೆಯು ಮನೆಯವರ ಬಾಣಂತಿಕೋಣೆ. ಮಾರ್ಚ್ ತಿಂಗಳ ನಡುವಿನಿಂದ ಮೇ ತಿಂಗಳ ಮೊದಲ ಮಳೆಗಳವರೆಗೆ, ನಾವು ಸತ್ತಿತೆಂದು ಬಗೆದ ಆ ಬಯಲಿನ ಮೇಲೆಯೇ ನಮ್ಮ ನಾಡಿನ ಅನೇಕ ಹಕ್ಕಿಗಳ ಸಂಸಾರ ನಡೆಯುವುದು. ನೋಡಬಲ್ಲವನಿಗೆ ವರ್ಷದಲ್ಲಿ ಇದಕ್ಕಿಂತ ಸ್ವಾರಸ್ಯವಾದ ಕಾಲ ಮತ್ತೊಂದಿಲ್ಲ. ಕೆರೆಗೆ ಹೆಚ್ಚಿನ ಅಪಾಯ ಒದಗುವುದೂ ಇದೇ ಕಾಲದಲ್ಲಿಯೇ. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ತಿಳಿಯುವುದು ಅವಶ್ಯಕ.

ಇದನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಅರಕಲಗೂಡು ಸೀಮೆ ಒಳ್ಳೆಯ ಪಾಠಶಾಲೆ. ಈ ಊರಿಗೆ ಅರ್ಕಪುರಿ, ಎಂದರೆ ಸೂರ್ಯನ ಪಟ್ಟಣ, ಎಂಬ ಹೆಸರಿತ್ತೆಂದು ಸ್ಥಳಪ್ರತೀತಿಯುಂಟು. ಹಾಸನದಿಂದ ಗೊರೂರಿನ ಮೇಲೆ ಹೊರಟರೆ ಹೇಮಾವತಿಯನ್ನು ದಾಟಿ ಇಲ್ಲಿಗೆ ಬರುವೆವು. ಇನ್ನೂ ದಕ್ಷಿಣಕ್ಕೆ ಹೋದರೆ ಕೊಣನೂರು, ರಾಮನಾಥಪುರ, ರುದ್ರಪಟ್ಟಣಗಳ ಬಳಿ ಕಾವೇರಿಯನ್ನು ಕಾಣುವೆವು. ಪಶ್ಚಿಮಕ್ಕೆ ಮಲೆನಾಡಿನ ಸೆರಗು; ಪೂರ್ವಕ್ಕೆ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಗೆ ಇಳಿಯುವ ಬಯಲುಸೀಮೆ. ಹೀಗಾಗಿ ಈ ಸೀಮೆಯಲ್ಲಿ ಮೂರು ಬಗೆಯ ನೀರನ್ನು ಒಂದೇ ದಿನದಲ್ಲಿ ನೋಡಬಹುದು. ಮೊದಲನೆಯದು ಊರೂರಿನ ಕೆರೆ. ಎರಡನೆಯದು ಕಲ್ಲುಬಂಡೆಗಳ ನಡುವೆ ಸಣ್ಣಗೆ ಹರಿಯುವ ಹೊಳೆ. ಮೂರನೆಯದು ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟಿನ ಹಿಂದೆ ಹರಡಿರುವ ಹಿನ್ನೀರು. ಮೂರೂ ಬೇಸಗೆಯಲ್ಲಿ ಇಳಿಯುವುವು. ಆದರೆ ಮೂರೂ ಇಳಿಯುವ ಬಗೆ ಬೇರೆ ಬೇರೆ.

ಮೊದಲು ಕೆರೆಯನ್ನೇ ತೆಗೆದುಕೊಳ್ಳೋಣ. ನಮ್ಮ ಹಿರಿಯರು ಕಟ್ಟಿದ ಕೆರೆ ಬಾವಿಯಂತೆ ತೋಡಿದ ಗುಂಡಿಯಲ್ಲ. ಇಳಿಜಾರಿನ ಕೆಳಗಡೆ ಅಡ್ಡಲಾಗಿ ಒಂದು ಏರಿಯನ್ನು ಹಾಕಿ, ಹರಿದುಬರುವ ಮಳೆನೀರನ್ನು ತಡೆದು ನಿಲ್ಲಿಸಿದುದು. ಆದುದರಿಂದ ಏರಿಯ ಬಳಿ, ತೂಬಿನ ಮುಂದೆ, ನೀರು ಆಳ. ಅಲ್ಲಿಂದ ಹಿಂದಕ್ಕೆ ಹೋದಂತೆ ತಟ್ಟೆಯಂತೆ ಮೆಲ್ಲಮೆಲ್ಲನೆ ತೆಳುವಾಗುತ್ತ ಹೋಗಿ ಕೊನೆಗೆ ಹುಲ್ಲಿನಲ್ಲಿ ಮುಗಿಯುವುದು. ಈ ಸಣ್ಣ ಇಳಿಜಾರಿನಲ್ಲಿಯೇ ಎಲ್ಲ ಗುಟ್ಟೂ ಅಡಗಿದೆ. ನೀರು ಒಂದು ಅಂಗುಲ ಇಳಿದರೆ ಹಲವು ಮಾರು ಅಗಲದ ಹಸಿ ಕೆಸರು ಹೊಸದಾಗಿ ತೆರೆದುಕೊಳ್ಳುವುದು. ಆ ಕೆಸರಿನಲ್ಲಿ ವರ್ಷವೆಲ್ಲ ಕೊಳೆತ ಜೊಂಡು, ತಾವರೆಯೆಲೆ, ದನದ ಸಗಣಿ ಎಲ್ಲವೂ ಕೂಡಿ ಹುಳುಗಳಿಗೆ ಸಮೃದ್ಧವಾದ ಆಹಾರವಾಗಿರುವುದು. ಮೀನು, ಶಂಖದ ಹುಳು, ಗೊದಮೊಟ್ಟೆ ಮೊದಲಾದುವು ಮಳೆಗಾಲದಲ್ಲಿ ಇಡೀ ಕೆರೆಯಲ್ಲಿ ಚದರಿರುವುವು. ಬೇಸಗೆಯಲ್ಲಿ ಅವೆಲ್ಲ ಉಳಿದಷ್ಟು ನೀರಿನಲ್ಲಿ ಒತ್ತೊತ್ತಾಗಿ ಸೇರುವುವು. ನಮಗೆ ಬರವೆಂದು ತೋರುವುದು ಹಕ್ಕಿಗೆ ಸುಗ್ಗಿ.

ಈ ಸುಗ್ಗಿಯಲ್ಲಿ ಯಾರು ಎಲ್ಲಿ ಕೂಳು ಹುಡುಕಬೇಕೆಂಬುದನ್ನು ಅವರವರ ಕಾಲು ಮತ್ತು ಕೊಕ್ಕು ಗೊತ್ತುಮಾಡುವುವು. ನೀರಿನಂಚಿನ ಒದ್ದೆ ಮಣ್ಣಿನಲ್ಲಿ ಸಿಪಿಲೆಗಳೂ ಗೊರವಗಳೂ ಓಡಾಡುವುವು. ಎರಡು ಮೂರು ಅಂಗುಲದ ನೀರಿನಲ್ಲಿ ಗದ್ದೆಗೊರವ ತನ್ನ ಸಪೂರವಾದ ಕೊಕ್ಕನ್ನು ಕುಟ್ಟುತ್ತಿರುವುದು. ಅದಕ್ಕಿಂತ ತುಸು ಒಳಗೆ, ಗುಲಾಬಿ ಬಣ್ಣದ ಕಡ್ಡಿಗಳ ಮೇಲೆ ನಿಂತಂತೆ ತೋರುವ ಮೆಟ್ಟುಗಾಲು ಹಕ್ಕಿ. ಇನ್ನೂ ಒಳಗೆ ಬೆಳ್ಳಕ್ಕಿಗಳು. ಮೊಣಕಾಲುದ್ದದ ನೀರಿನಲ್ಲಿ ಬಣ್ಣದ ಕೊಕ್ಕರೆಯು ಬಾಯನ್ನು ಅರ್ಧ ತೆರೆದು ನೀರಿನಲ್ಲಿ ಅದ್ದಿಕೊಂಡು, ಮೀನು ತಗುಲಿದೊಡನೆ ಮುಚ್ಚುವುದು. ಚಮಚಕೊಕ್ಕು ತನ್ನ ಚಪ್ಪಟೆ ಕೊಕ್ಕನ್ನು ಕುಡುಗೋಲು ಬೀಸುವಂತೆ ಎಡಕ್ಕೂ ಬಲಕ್ಕೂ ಬೀಸುವುದು. ಬಾಯಿಕಳಕ ಕೊಕ್ಕರೆಯು ಎರಡು ತುಟಿಗಳ ನಡುವಿನ ಸಂದಿರುವ ಕೊಕ್ಕಿನಿಂದ ಶಂಖದ ಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನುವುದು. ನಡುವಿನ ಆಳದಲ್ಲಿ ಗುಳುಮುಳಕ, ನೀರುಕಾಗೆಗಳು ಮುಳುಗಿ ಬೇಟೆಯಾಡುವುವು. ಒಂದೇ ಕೆರೆಯಲ್ಲಿ ಇಷ್ಟು ಮಂದಿ ಜಗಳವಿಲ್ಲದೆ ಉಣ್ಣುವುದು ಹೇಗೆಂದರೆ, ಒಬ್ಬೊಬ್ಬರ ಎಲೆಯನ್ನು ಒಂದೊಂದು ಆಳದಲ್ಲಿ ಹಾಕಿದೆ. ಕೆರೆಯಂಚು ಇಳಿಜಾರಾಗಿಲ್ಲದೆ ಗೋಡೆಯಂತೆ ನೆಟ್ಟಗಾದರೆ ಈ ಪಂಕ್ತಿಯೇ ಇಲ್ಲದೆ ಹೋಗುವುದು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಬೇಸಗೆಯ ಮೊದಲ ದೃಶ್ಯವೆಂದರೆ ಅತಿಥಿಗಳ ನಿರ್ಗಮನ. ಬಿಳಿಹುಬ್ಬಿನ ಬಾತು ಯೂರೋಪಿನಿಂದ ಸೈಬೀರಿಯದವರೆಗಿನ ಜೌಗುನೆಲಗಳಲ್ಲಿ ಮರಿಮಾಡುವ ಹಕ್ಕಿ; ಗದ್ದೆಗೊರವಗಳಲ್ಲಿ ಕೆಲವು ಇನ್ನೂ ಉತ್ತರಕ್ಕೆ ಹೋಗತಕ್ಕವು. ಮೈಸೂರು ಸೀಮೆಯ ಕೆಲವು ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತು ಮಧ್ಯ ಏಷ್ಯದ ಎತ್ತರದ ಸರೋವರಗಳಿಗೆ ಹಿಂದಿರುಗುವುದು. ಈ ಪಯಣದಲ್ಲಿ ಅದು ಹಿಮಾಲಯವನ್ನು ದಾಟುವಾಗ 7,000 ಮೀಟರಿಗೂ ಮಿಕ್ಕಿದ ಎತ್ತರದಲ್ಲಿ ಹಾರಿದುದನ್ನು ವಿಜ್ಞಾನಿಗಳು ಯಂತ್ರ ಕಟ್ಟಿ ಅಳೆದಿದ್ದಾರೆ. ಇವೆಲ್ಲ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಹೊರಡುವುವು. ಹೊರಡುವ ಮುನ್ನ ಮೈಯಲ್ಲಿ ಕೊಬ್ಬನ್ನು ಕೂಡಿಹಾಕಿಕೊಳ್ಳಬೇಕು. ಮೇಲೆ ಹೇಳಿದ ಸುಗ್ಗಿಯ ಪ್ರಥಮ ಫಲ ಅವಕ್ಕೆ ಸಲ್ಲುವುದು. ಒಂದು ವಾರ ಐವತ್ತು ಬಾತುಗಳನ್ನು ಕಂಡ ನೀರಿನಲ್ಲಿ ಮರುವಾರ ಒಂದೂ ಇಲ್ಲದಿದ್ದರೆ ಕೆರೆಗೆ ಕೇಡಾಯಿತೆಂದು ಭಾವಿಸಬೇಕಾಗಿಲ್ಲ. ಛತ್ರ ಬರಿದಾಯಿತು, ಅಷ್ಟೆ.

ಎರಡನೆಯ ದೃಶ್ಯ ಮನೆಯವರ ಉಡುಪಿನ ಬದಲಾವಣೆ. ವರ್ಷದ ಬಹುಭಾಗ ಕೆಸರಿನ ಬಣ್ಣವನ್ನೇ ಹೊದ್ದು, ಕಾಲಿನ ಹತ್ತಿರ ಬಂದರೂ ಕಾಣದಿರುವ ಕೊಳದ ಬಕವು ಈಗ ಬೆನ್ನಿಗೆ ಗಾಢವಾದ ಕೆಂಗಂದು ಶಾಲನ್ನು ಹೊದ್ದು ಬರುವುದು. ದನಗಳ ಹಿಂದೆ ನಡೆಯುವ ಗೋವಕ್ಕಿಯ ತಲೆ ಕತ್ತು ಬೆನ್ನುಗಳು ಅರಿಸಿನ ಕುಂಕುಮ ಕಲೆಸಿದಂತೆ ಹೊಂಬಣ್ಣವಾಗುವುವು. ಬೆಳ್ಳಕ್ಕಿಯ ಬೆನ್ನಿನ ಮೇಲೆ ಜರತಾರಿಯಂತಹ ಎಳೆಗರಿಗಳು ಮೂಡುವುವು. ಈ ಗರಿಗಳು ಒಂದು ಕಾಲದಲ್ಲಿ ಐರೋಪ್ಯ ಸ್ತ್ರೀಯರ ಟೋಪಿಗಳಿಗೆ ಅಲಂಕಾರವಾಗಿ ಹಡಗುಗಳಲ್ಲಿ ಹೋಗುತ್ತಿದ್ದುವು. ಮರಿಮಾಡುವ ಕಾಲದಲ್ಲಿಯೇ ಹಕ್ಕಿಗಳನ್ನು ಕೊಲ್ಲುತ್ತಿದ್ದುದರಿಂದ ಅವುಗಳ ಸಂತಾನಕ್ಕೇ ಕುತ್ತು ಬಂದಿತ್ತು. 1902ರಲ್ಲಿ ಭಾರತ ಸರ್ಕಾರವು ಕಾಡುಹಕ್ಕಿಗಳ ಗರಿಯ ರಫ್ತನ್ನು ನಿಷೇಧಿಸಿತು. ತಾವರೆ ನೈದಿಲೆಗಳು ಉಳಿದಿರುವ ಕೆರೆಗಳಲ್ಲಿ ದೇವನಕ್ಕಿಯು ಉದ್ದವಾದ ಬಾಲವನ್ನು ಬೆಳೆಸಿಕೊಂಡು ಮಳೆಗಾಲವನ್ನು ಇದಿರುನೋಡುತ್ತಿರುವುದು. ಈ ಹಕ್ಕಿಯಲ್ಲಿ ಹೆಣ್ಣು ಒಂದಾದಮೇಲೊಂದು ಗಂಡಿಗೆ ಮೊಟ್ಟೆಯನ್ನಿಟ್ಟುಕೊಟ್ಟು ಹೊರಟುಹೋಗುವುದು. ಕಾವು ಕೊಡುವುದೂ ಮರಿ ಸಾಕುವುದೂ ಗಂಡಿನ ಪಾಲು.

ಕೊಕ್ಕರೆಗಳ ವಿಷಯದಲ್ಲಿ ಒಂದು ಮಾತನ್ನು ಹೇಳಬೇಕು. ಕೆರೆಯಲ್ಲಿ ಮೇಯುವ ಬಣ್ಣದ ಕೊಕ್ಕರೆಗಳು ಅಲ್ಲಿಯೇ ಗೂಡು ಕಟ್ಟುವುವೆಂದು ತಿಳಿಯಬಾರದು; ಅವು ಮರಗಳ ಮೇಲೆ ಗುಂಪಾಗಿ ಗೂಡು ಕಟ್ಟತಕ್ಕವು. ಅಂತಹ ತಾಣಗಳಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಇವೆರಡೂ ಪ್ರಸಿದ್ಧವಾದುವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನದ ಸರ್ಕಾರವು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿತು. ಕೊಕ್ಕರೆಬೆಳ್ಳೂರಿನಲ್ಲಿ ಗ್ರಾಮಸ್ಥರೇ ತಮ್ಮ ಹಿತ್ತಿಲಿನ ಹುಣಿಸೆಮರಗಳಲ್ಲಿ ಹಕ್ಕಿಗಳಿಗೆ ಎಡೆ ಕೊಟ್ಟುಬಂದಿದ್ದಾರೆ. ಆದರೆ ಗೂಡಿಗೆ ಕಾವಲಿದ್ದರೆ ಸಾಲದು. ಮರಿಗಳ ಹೊಟ್ಟೆಗೆ ಬೇಕಾದ ಮೀನು ಆಸುಪಾಸಿನ ಹೊಳೆ, ಗದ್ದೆ, ಹೆಸರಿಲ್ಲದ ಕೆರೆಗಳಿಂದ ಬರಬೇಕು. ಪಕ್ಷಿಧಾಮವೊಂದು ಅಡುಗೆಮನೆಯಿಲ್ಲದ ಮನೆಯಂತೆ. ಅದರ ಅಡುಗೆಮನೆ ಸುತ್ತಲ ಊರುಗಳಲ್ಲಿದೆ.

ಈಗ ಮೂರನೆಯದೂ ಮುಖ್ಯವೂ ಆದ ದೃಶ್ಯಕ್ಕೆ ಬರೋಣ. ನೀರು ಹಿಂದೆಗೆದ ಬರಿಯ ಬಯಲಿನಲ್ಲಿ ಕಾಲಿಟ್ಟೊಡನೆ ಒಂದು ಹಕ್ಕಿ ಚೀರುತ್ತ ನಮ್ಮ ತಲೆಯ ಮೇಲೆ ಸುತ್ತುವುದು. ಕಣ್ಣಿನ ಮುಂದೆ ಕೆಂಪು ತೊಗಲು, ಹಳದಿ ಕಾಲು, ಕಪ್ಪು ಎದೆ. ಇದೇ ಟಿಟ್ಟಿಭ, ಹಳ್ಳಿಗರು ತೇನೆಹಕ್ಕಿ ಎನ್ನುವರು. ಆಕಾಶವು ಕಳಚಿ ಬಿದ್ದರೆ ತಾಂಗಬೇಕೆಂದು ಈ ಹಕ್ಕಿ ಕಾಲನ್ನು ಮೇಲಕ್ಕೆತ್ತಿ ಮಲಗುವುದೆಂಬ ಪರಿಹಾಸ್ಯವುಂಟು. ಪಂಚತಂತ್ರದಲ್ಲಿ ಸಮುದ್ರವು ಮೊಟ್ಟೆಯನ್ನು ಕದ್ದಾಗ ಗರುಡನವರೆಗೆ ದೂರು ಒಯ್ದು ಅದನ್ನು ಹಿಂದಕ್ಕೆ ಪಡೆದ ಹಕ್ಕಿಯೂ ಇದೇ. ಕಥೆಗಾರನು ಟಿಟ್ಟಿಭವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಇದು ಗೂಡನ್ನೇ ಕಟ್ಟುವುದಿಲ್ಲ. ಬಯಲು ನೆಲದಲ್ಲಿ ಅಂಗೈಯಗಲದ ತಗ್ಗೊಂದನ್ನು ಮಾಡಿ, ಸುತ್ತ ನಾಲ್ಕು ಹರಳನ್ನಿಟ್ಟು, ಚೂಪು ತುದಿಗಳು ಒಳಮುಖವಾಗುವಂತೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುವುದು. ಮಣ್ಣಿನ ಬಣ್ಣ, ಕಪ್ಪು ಚುಕ್ಕೆ. ಪಕ್ಕದಲ್ಲಿ ನಿಂತರೂ ಕಲ್ಲೋ ಮೊಟ್ಟೆಯೋ ತಿಳಿಯದು.

ಈ ಮೊಟ್ಟೆಗಳಿಗೆ ಗಂಡು ಹೆಣ್ಣುಗಳೆರಡೂ ಸುಮಾರು 28 ದಿನ ಸರದಿಯಂತೆ ಕೂರಬೇಕು. ಕಾವು ಕೊಡುವುದೆಂದರೆ ಬಿಸಿ ಕೊಡುವುದೆಂದು ನಾವು ತಿಳಿದಿರುವೆವು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಕೆರೆಯಂಗಳದ ಮೇಲೆ ಕೆಲಸ ತಿರುವುಮುರುವಾಗುವುದು: ಮೊಟ್ಟೆ ಬೇಯದಂತೆ ನೆರಳು ಕೊಡಬೇಕು. ಹಕ್ಕಿ ನೀರಿನಂಚಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂತು ತಂಪು ಮಾಡುವುದು. ಈಗ ಯೋಚಿಸಿ ನೋಡಿ: ಯಾರೋ ಹತ್ತಿರ ನಿಂತು ನೋಡುತ್ತಿದ್ದಾರೆಂದು ಆ ಹಕ್ಕಿ ಅರ್ಧ ಗಂಟೆಯ ಕಾಲ ದೂರದಲ್ಲಿ ಚೀರುತ್ತಿದ್ದರೆ ಮೊಟ್ಟೆಯ ಗತಿಯೇನು? ನೋಡುವವನು ಕಲ್ಲೆಸೆಯಲಿಲ್ಲ, ಕೈಯಿಂದ ಮುಟ್ಟಲೂ ಇಲ್ಲ. ಬರಿಯ ಕುತೂಹಲದಿಂದಲೇ ನಾಲ್ಕು ಜೀವಗಳು ಹೋಗಬಹುದು. ದನ ಕಾಯುವವರಿಗೆ ಈ ವಿಷಯ ಚೆನ್ನಾಗಿ ತಿಳಿದಿದೆ. ನಾವು ದಾರಿ ಕೇಳಿದಾಗ ಒಬ್ಬ ಮುದುಕರು “ಏರಿ ಮೇಲೇ ಹೋಗಿ ಸ್ವಾಮಿ, ಅಂಗಳಕ್ಕೆ ಇಳೀಬೇಡಿ, ತೇನಕ್ಕಿ ಮೊಟ್ಟೆ ಇಟ್ಟೈತೆ” ಎಂದು ಕೋಲಿನಿಂದ ದಾರಿ ತೋರಿಸಿದರು. ಯಾವ ಪಕ್ಷಿಶಾಸ್ತ್ರದ ಗ್ರಂಥವೂ ಇದಕ್ಕಿಂತ ಸಂಗ್ರಹವಾಗಿ ಈ ವಿಧಿಯನ್ನು ಹೇಳಲಾರದು.

ಟಿಟ್ಟಿಭವೊಂದೇ ಅಲ್ಲ. ಮೆಟ್ಟುಗಾಲು ಹಕ್ಕಿ ನೀರಿನ ಅಂಚಿನ ದಿಬ್ಬಗಳ ಮೇಲೆ ಮೊಟ್ಟೆಯಿಡುವುದು. ಕೊರಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಚಿಕ್ಕ ಗೊರವವು ಹೊಳೆಯ ಹರಳುಗಲ್ಲಿನ ನಡುವೆ ಮೊಟ್ಟೆಯಿಟ್ಟು, ಯಾರಾದರೂ ಸಮೀಪಿಸಿದರೆ ರೆಕ್ಕೆ ಮುರಿದಂತೆ ನಟಿಸುತ್ತ ಬೇರೆ ದಿಕ್ಕಿಗೆ ಕರೆದೊಯ್ಯುವುದು. ಹಳದಿ ಕೊಕ್ಕು, ಕರಿಯ ತಲೆ, ಕವಲುಬಾಲದ ನದಿ ರೀವವು ನೀರಿನಿಂದ ಸುತ್ತುವರಿದ ಮರಳುದಿಬ್ಬ, ಬಂಡೆಗಳನ್ನೇ ಹುಡುಕುವುದು. ನಮ್ಮ ನಾಡಿನಲ್ಲಿ ಇದಕ್ಕೆ ಹೆಸರಾದ ಸ್ಥಳ ಲಕ್ಕವಳ್ಳಿಯ ಭದ್ರಾ ಜಲಾಶಯ. ಬೇಸಗೆಯಲ್ಲಿ ಅಲ್ಲಿ ನೀರು ತಗ್ಗಿ ತಲೆಯೆತ್ತುವ ನಡುಗಡ್ಡೆಗಳ ಮೇಲೆ ಈ ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಸೇರಿ ಮರಿಮಾಡುವುವು. ಲೋಕದಲ್ಲಿ ಈ ಜಾತಿಯು ಕ್ಷೀಣಿಸುತ್ತಿದ್ದು, ಅಪಾಯಕ್ಕೊಳಗಾದ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ಕಾರಣ ಸುಲಭವಾಗಿ ತಿಳಿಯುವುದು. ಹೊಳೆಯಲ್ಲಿ ಮೊಟ್ಟೆಯಿಡುವ ಹಕ್ಕಿಗೆ ನೀರು ಯಾವಾಗ ಏರುವುದೆಂಬ ಲೆಕ್ಕ ಪರಂಪರೆಯಿಂದ ಬಂದುದು. ಅಣೆಕಟ್ಟಿನ ಬಾಗಿಲು ಯಾವ ದಿನ ತೆರೆಯುವುದೆಂಬುದು ಆ ಲೆಕ್ಕದಲ್ಲಿಲ್ಲ.

ಹೇಮಾವತಿಯ ಹಿನ್ನೀರಿನಲ್ಲಿಯೂ ಬೇಸಗೆ ಬಂದಂತೆ ವಿಶಾಲವಾದ ಬಯಲು ತೆರೆದುಕೊಳ್ಳುವುದು. ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯು ಜಲಾಶಯದ ನೀರಿಗೆ ಸಿಕ್ಕಿತು. ಅಳಿದುಳಿದ ಅದರ ಗೋಡೆಗಳು ಮಳೆಗಾಲದಲ್ಲಿ ನೀರಿನ ನಡುವೆಯೂ ಬೇಸಗೆಯಲ್ಲಿ ಒಣ ನೆಲದ ಮೇಲೂ ನಿಂತಿರುವುವು. ನೋಡಬಂದವರು ಆ ಬಯಲಿನ ಮೇಲೆಯೇ ಮೋಟಾರುಗಳನ್ನು ಓಡಿಸಿಕೊಂಡು ಗೋಡೆಯವರೆಗೆ ಹೋಗುವುದುಂಟು. ಅದು ಯಾರದೂ ಅಲ್ಲದ ಬರಡುನೆಲವೆಂದು ಅವರ ಭಾವನೆ. ಇಂತಹ ನೆಲವೇ ಟಿಟ್ಟಿಭ, ಗೊರವಗಳು ಮೊಟ್ಟೆಯಿಡಲು ಹುಡುಕುವ ನೆಲ. ವಾಹನವನ್ನು ದಡದ ಮೇಲೆ ನಿಲ್ಲಿಸಿ ಕಾಲುದಾರಿಯಲ್ಲಿ ನಡೆದರೆ ಇಗರ್ಜಿಯ ಸೌಂದರ್ಯವೇನೂ ಕಡಮೆಯಾಗದು.

ಹೊಳೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸೋಣ. ರಾಮನಾಥಪುರದಲ್ಲಿ ಕಾವೇರಿಯ ಮಡುವಿನ ದೊಡ್ಡ ಮೀನುಗಳನ್ನು ದೇವರ ಮೀನುಗಳೆಂದು ಜನ ಭಾವಿಸಿ, ಹಿಡಿಯದೆ, ಪುರಿ ಕಡಲೆ ಹಾಕಿ ಸಾಕಿಬಂದಿದ್ದಾರೆ. ಹೊಳೆ ಸೊರಗಿದಾಗ ಮೀನಿಗೆ ಆಳವಾದ ಮಡುವೇ ಪ್ರಾಣ. ಅಲ್ಲಿ ಉಳಿದುದು ಮಳೆ ಬಂದಮೇಲೆ ಹೊಳೆಯುದ್ದಕ್ಕೂ ಹರಡುವುದು. ಭಕ್ತಿಯಿಂದ ಹುಟ್ಟಿದ ಈ ನಿಯಮವು ವಿಜ್ಞಾನದ ತಕ್ಕಡಿಯಲ್ಲಿಯೂ ಸರಿಯಾಗಿ ತೂಗುವುದು. ನೀರು ಇಳಿದು ತೆರೆದ ಮಣ್ಣಿನ ದಡಗಳಲ್ಲಿ ಮಿಂಚುಳ್ಳಿಗಳೂ ಕಳ್ಳಿಪೀರಗಳೂ ತೋಳುದ್ದದ ಬಿಲಗಳನ್ನು ಕೊರೆದು ಮರಿಮಾಡುವುವು. ಬೆಳಗಿನ ಜಾವದಲ್ಲಿ ಮರಳಿನ ಮೇಲೆ ನೀರುನಾಯಿಯ ಹೆಜ್ಜೆ ಕಂಡರೆ ಆ ದಿನ ಸಾರ್ಥಕವೆಂದು ಭಾವಿಸಬಹುದು. ಕಾಣದೆ ಇರುವುವೂ ಉಂಟು. ಕೆರೆಯ ಕೆಸರು ಆರುತ್ತ ಬಂದಂತೆ ಕೆಲವು ಜಾತಿಯ ಆಮೆಗಳೂ ಗೊಂಕರುಗಪ್ಪೆಗಳೂ ಮಣ್ಣಿನೊಳಕ್ಕೆ ಇಳಿದು, ಉಸಿರನ್ನು ಮಂದಮಾಡಿಕೊಂಡು, ಮಳೆಯವರೆಗೆ ನಿದ್ರಿಸುವುವು. ಬಿರುಕುಬಿಟ್ಟ ಆ ನೆಲದ ಕೆಳಗೆ ಒಂದು ಊರೇ ಮಲಗಿರುವುದು.

ಇಲ್ಲಿಂದ ನಾವು ಈ ವಿಷಯದ ಕಠಿಣವಾದ ಭಾಗಕ್ಕೆ ಬರುವೆವು. ಬೇಸಗೆಯು ಕೆರೆಯ ಹೂಳೆತ್ತುವ ಕಾಲ. ಹೂಳೆತ್ತುವುದು ತಪ್ಪೆಂದು ಹೇಳುವವರು ರೈತನ ಕಷ್ಟವನ್ನು ಅರಿಯದವರು. ಹೂಳು ತುಂಬಿದ ಕೆರೆ ನೀರನ್ನು ಹಿಡಿಯದು, ಅಚ್ಚುಕಟ್ಟು ಒಣಗುವುದು, ಬಾವಿಗಳು ಬತ್ತುವುವು. ನೀರಿಲ್ಲದ ಕೆರೆಯಲ್ಲಿ ಹಕ್ಕಿಯೂ ಇರದು. ಹೂಳನ್ನು ತೆಗೆಯಬೇಕಾದರೆ ಅಂಗಳ ಒಣಗಿದಾಗಲೇ ತೆಗೆಯಬೇಕು. ಮಳೆಗಾಲದಲ್ಲಿ ತೆಗೆಯುವುದು ಸಾಧ್ಯವಿಲ್ಲ. ಹಿಂದೆಯೂ ರೈತರು ಬೇಸಗೆಯಲ್ಲಿ ಎತ್ತಿನ ಗಾಡಿಗಳಲ್ಲಿ ಕೆರೆಗೋಡನ್ನು ಹೊಡೆದು ಹೊಲಗಳಿಗೆ ಹಾಕುತ್ತಿದ್ದರು. ಅದು ಹೊಲಕ್ಕೂ ಹಿತ, ಕೆರೆಗೂ ಹಿತ. ಹಾಗಿದ್ದರೆ ಈಗಿನ ತೊಂದರೆ ಯಾವುದು?

ತೊಂದರೆಯಿರುವುದು ಪ್ರಮಾಣದಲ್ಲಿ ಮತ್ತು ಆಕಾರದಲ್ಲಿ. ಎತ್ತಿನ ಗಾಡಿಗಳು ಅಂಗಳದ ಒಂದೊಂದು ಭಾಗದಲ್ಲಿ ಮೇಲುಪದರವನ್ನು ತೆಗೆಯುತ್ತಿದ್ದುವು. ಮಿಕ್ಕ ಭಾಗದಲ್ಲಿ ಟಿಟ್ಟಿಭದ ಮೊಟ್ಟೆ ಒಡೆದು ಮರಿ ನಡೆಯುವಷ್ಟು ವೇಳೆ ಸಿಕ್ಕುತ್ತಿತ್ತು. ಈಗಿನ ಯಂತ್ರಗಳು ಕೆಲವೇ ದಿನಗಳಲ್ಲಿ ಇಡೀ ಅಂಗಳವನ್ನು ಅಗೆದು ಮುಗಿಸುವುವು. ಮೊಟ್ಟೆಯೂ ಮಲಗಿದ ಆಮೆಯೂ ಮಣ್ಣಿನೊಡನೆ ಲಾರಿಗೆ ಏರುವುವು. ಅದಕ್ಕಿಂತ ಹೆಚ್ಚಿನ ಹಾನಿ ಮುಂದಿನ ವರ್ಷಗಳಿಗೆ ಉಳಿಯುವುದು. ತಟ್ಟೆಯಂತಿದ್ದ ಕೆರೆ ಬೋಗುಣಿಯಾಗುವುದು, ಅಂಚುಗಳು ನೆಟ್ಟಗಾಗುವುವು. ನಾವು ಹಿಂದೆ ಹೇಳಿದ ಪಂಕ್ತಿಯನ್ನು ನೆನೆಯಿರಿ. ಎರಡು ಅಂಗುಲದ ನೀರು, ಆರು ಅಂಗುಲದ ನೀರು, ಮೊಣಕಾಲುದ್ದದ ನೀರು, ಇವೆಲ್ಲ ಇಲ್ಲವಾಗಿ ದಡ ಮತ್ತು ಆಳ ಎರಡೇ ಉಳಿಯುವುವು. ನೀರು ತುಂಬಿಯೇ ಇರುವುದು. ನೋಡಲು ಅಚ್ಚುಕಟ್ಟಾಗಿಯೂ ಇರುವುದು. ಆದರೆ ನೀರುಕಾಗೆಯ ಹೊರತು ಕೂಳು ಸಿಕ್ಕುವವರು ಕಡಮೆ. ನೀರಿಗೆ ಇಳಿದ ದನಕ್ಕೂ ಮಗುವಿಗೂ ಆ ಅಂಚು ಅಪಾಯಕರ.

ಇದಕ್ಕೆ ಪರಿಹಾರ ದುಸ್ಸಾಧ್ಯವಲ್ಲ. ಒಂದು ಬೇಸಗೆಯಲ್ಲಿ ಅಂಗಳದ ಒಂದು ಭಾಗವನ್ನು ಮಾತ್ರ ಅಗೆದು ಮಿಕ್ಕುದನ್ನು ಮರುವರ್ಷಕ್ಕೆ ಬಿಡಬಹುದು. ಏರಿಯ ಕಡೆಯ ಆಳವನ್ನು ಹೆಚ್ಚಿಸಿ, ನೀರು ಬಂದು ಸೇರುವ ಹಿಂಭಾಗದ ಇಳಿಜಾರನ್ನೂ ಜೊಂಡನ್ನೂ ಹಾಗೆಯೇ ಉಳಿಸಬಹುದು. ಅಗೆಯುವ ಹಿಂದಿನ ದಿನ, ಆ ಕೆರೆಯನ್ನು ಬಲ್ಲ ನೀರುಗಂಟಿಯನ್ನೋ ದನಗಾಹಿಯನ್ನೋ ಕರೆದುಕೊಂಡು ನಡೆದು, ಮೊಟ್ಟೆಯಿರುವಲ್ಲಿ ದೂರದಲ್ಲಿ ನಾಲ್ಕು ಕಡ್ಡಿ ನೆಟ್ಟು ಕೆಲವು ವಾರ ಆ ಜಾಗವನ್ನು ಬಿಡಬಹುದು. ಕಾಯಿದೆಯ ಬಲವೂ ಉಂಟು: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಯ ಮೊಟ್ಟೆ ಗೂಡುಗಳನ್ನು ಕೆಡಿಸುವುದನ್ನು ಬೇಟೆಯೊಳಗೇ ಸೇರಿಸಿದೆ, ಕೆರೆಗಳ ಸಂರಕ್ಷಣೆಗಾಗಿ ಕರ್ನಾಟಕದಲ್ಲಿ 2014ರ ಕಾಯಿದೆಯೊಂದಿದೆ. ಆದರೆ ಕಾಯಿದೆಗಿಂತ ಮುಂಚೆ ಅಗೆಯಿಸುವವರಿಗೆ ಅಲ್ಲಿ ಮೊಟ್ಟೆಯಿದೆಯೆಂಬುದು ತಿಳಿದಿರಬೇಕು. ಅದನ್ನು ತಿಳಿಸತಕ್ಕವರು ಯಾರು? ನೋಡಿದವರು. ನೋಡುವ ಹವ್ಯಾಸಕ್ಕೆ ಇಷ್ಟು ಪ್ರಯೋಜನವಿದೆ.

ಆದುದರಿಂದ ನೋಡುವ ಕ್ರಮವನ್ನು ಕುರಿತು ನಾಲ್ಕು ಮಾತು. ಬೆಳಗ್ಗೆ ಸೂರ್ಯೋದಯಕ್ಕೆ ಮುಂಚೆಯೇ ಏರಿಯ ಮೇಲೆ ಇರಬೇಕು. ಒಂಬತ್ತು ಗಂಟೆಗೆ ಹಿಂದಿರುಗಬೇಕು. ಬಿಸಿಲು ಬಲಿತ ಮೇಲೆ ನಮಗೂ ಸುಖವಿಲ್ಲ. ಹಕ್ಕಿಗೆ ನಾವು ಮಾಡುವ ತೊಂದರೆಯೂ ಹೆಚ್ಚು. ಸೂರ್ಯನು ಬೆನ್ನಿಗಿರುವಂತೆ ನಿಲ್ಲಬೇಕು. ಮಣ್ಣಿನ ಬಣ್ಣದ ಉಡುಪು, ತಲೆಗೊಂದು ಟೋಪಿ, ಕುಡಿಯುವ ನೀರು, ಸಾಧಾರಣವಾದ ದುರ್ಬೀನು ಸಾಕು. ಅಂಗಳಕ್ಕೆ ಇಳಿಯಬಾರದು, ನಾಯಿಯನ್ನು ಕರೆತರಬಾರದು. ಟಿಟ್ಟಿಭವು ಚೀರತೊಡಗಿದರೆ “ಇಷ್ಟು ಹತ್ತಿರ ಸಾಕು” ಎಂದು ಅದು ಹೇಳುತ್ತಿದೆಯೆಂದು ತಿಳಿದು ಬಂದ ಹೆಜ್ಜೆಯಲ್ಲಿಯೇ ಹಿಂದಿರುಗಬೇಕು. ಮೊಟ್ಟೆಯ ಚಿತ್ರ ತೆಗೆಯುವ ಆಸೆಯನ್ನು ಬಿಡುವುದೇ ಲೇಸು. ನಮ್ಮ ಹೆಜ್ಜೆಯ ಜಾಡನ್ನು ಹಿಡಿದು ಕಾಗೆಯೂ ನಾಯಿಯೂ ಬರುವುವು.

ಕಂಡುದನ್ನು ಬರೆದಿಡುವುದು ಎಲ್ಲಕ್ಕಿಂತ ಮುಖ್ಯ. ತಾರೀಖು, ಕೆರೆಯ ಹೆಸರು, ತೂಬಿನಿಂದ ನೀರು ಎಷ್ಟು ದೂರ ಸರಿದಿದೆ, ಯಾವ ಹಕ್ಕಿ ಎಷ್ಟು, ಅದು ಏನು ಮಾಡುತ್ತಿತ್ತು, ಇಷ್ಟು ಸಾಕು. ಏಷ್ಯದ ನೀರುಹಕ್ಕಿಗಳ ಗಣತಿಯು 1987ರಲ್ಲಿ ಮೊದಲಾಯಿತು. ಅದು ಜನವರಿಯಲ್ಲಿ ನಡೆಯುವಂತಹುದು. ಆ ಗಣತಿ ಛತ್ರದ ಅತಿಥಿಗಳ ಲೆಕ್ಕವನ್ನು ಚೆನ್ನಾಗಿ ಕೊಡುವುದು. ಆದರೆ ಮನೆಯವರಿಗೆ ಮಕ್ಕಳಾದುವೆ, ಆ ಮಕ್ಕಳು ಉಳಿದುವೆ ಎಂಬುದು ಏಪ್ರಿಲ್ ತಿಂಗಳ ದಿನಚರಿಯಿಂದಲೇ ತಿಳಿಯಬೇಕು. ಒಂದೇ ಕೆರೆಯನ್ನು ಐದು ಬೇಸಗೆ ಬಿಡದೆ ನೋಡಿ ಬರೆದ ಪುಸ್ತಕವು, ಐವತ್ತು ಕೆರೆಗಳನ್ನು ಒಮ್ಮೊಮ್ಮೆ ನೋಡಿದವನ ನೆನಪಿಗಿಂತ ಹೆಚ್ಚು ಬೆಲೆಯುಳ್ಳದು. ಅರಕಲಗೂಡಿನವರೆಗೆ ಬರಲಾರದವರಿಗೆ ಹಾಸನದ ಹುಣಸಿನಕೆರೆಯೋ ಚನ್ನರಾಯಪಟ್ಟಣದ ಅಮಾನಿಕೆರೆಯೋ ಮೈಸೂರು ಬೆಂಗಳೂರುಗಳಲ್ಲಿ ತಮ್ಮ ಬೀದಿಗೆ ಹತ್ತಿರದ ಕೆರೆಯೋ ಆಗಬಹುದು.

ಈ ಬಾಣಂತನಕ್ಕೆ ಕಾಲದ ಮಿತಿಯಿದೆ. ರೇವತಿ, ಅಶ್ವಿನಿ ಕಳೆದು ಏಪ್ರಿಲ್ ಕೊನೆಗೆ ಭರಣಿ ಮಳೆ, ಮೇ ನಡುವಿಗೆ ಕೃತ್ತಿಕೆ. ರೈತನು ಆ ಮಳೆಗಳನ್ನು ನಂಬಿ ಹೊಲವನ್ನು ಹದಮಾಡುವನು. ನೆಲದ ಮೇಲೆ ಮೊಟ್ಟೆಯಿಟ್ಟ ಹಕ್ಕಿಗಾದರೋ ಕೆರೆಗೆ ನೀರು ಬರುವುದರೊಳಗೆ ಮರಿಯನ್ನು ನಡೆಸಿಕೊಂಡು ದಡ ಸೇರಬೇಕು. ಒಮ್ಮೆ ಮೊಟ್ಟೆ ಕೆಟ್ಟರೆ ಮತ್ತೆ ಇಡಬಹುದು. ಆದರೆ ಇನ್ನೊಂದು 28 ದಿನ ದೊರೆಯುವುದೇ ಎಂಬುದು ಮೋಡಕ್ಕೆ ಸೇರಿದ ಮಾತು. ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಮಣ್ಣಿನೊಳಗಿನ ಗೊಂಕರುಗಪ್ಪೆಗಳು ಮೇಲೆ ಬಂದು, ಗಂಡುಗಳು ಹಳದಿ ಬಣ್ಣ ತಳೆದು, ಇಡೀ ಊರಿಗೆ ಕೇಳುವಂತೆ ಕೂಗುವುವು. ಅಷ್ಟು ಹೊತ್ತಿಗೆ ಟಿಟ್ಟಿಭದ ಮರಿಗಳು ಹುಲ್ಲಿನ ಅಂಚಿನಲ್ಲಿ ತಾಯಿಯ ಹಿಂದೆ ಓಡುತ್ತಿದ್ದರೆ ಆ ಕೆರೆಯ ಬೇಸಗೆ ಚೆನ್ನಾಗಿ ಕಳೆಯಿತೆಂದು ತಿಳಿಯಬಹುದು. ಮುಂದಿನ ಯುಗಾದಿಯ ತರುವಾಯದ ಒಂದು ಬೆಳಗನ್ನು ಶ್ರೋತೃಗಳು ಇದಕ್ಕಾಗಿ ತೆಗೆದಿಡುವರೆಂದೂ, ಏರಿಯ ಮೇಲೆ ನಿಂತೇ ನೋಡುವರೆಂದೂ ನಾವು ನಂಬಿರುವೆವು.